ಗೂಡು ರಂಗನತಿಟ್ಟಿನಲ್ಲಿ, ಊಟ ಗುತ್ತಿಗೆ ಕೆರೆಯಲ್ಲಿ: ಒಂದು ಪ್ರಕರಣ ಅಧ್ಯಯನ

ಇದು ಮಂಡ್ಯ ಜಿಲ್ಲೆಯ ಒಂದು ಕೆರೆಯಲ್ಲಿ ನಡೆದದ್ದು. ಕೆರೆಯ ಹೆಸರು, ಊರಿನ ಹೆಸರು, ಜನರ ಹೆಸರು ಯಾವುದನ್ನೂ ಬರೆದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಹಕ್ಕಿ ನೋಡುವ ಹವ್ಯಾಸವಿರುವ ಮೈಸೂರಿನ ಒಂದು ಸಣ್ಣ ಗುಂಪಿನವರು ನಾವು. ಈ ಪ್ರಕರಣದಲ್ಲಿ ನಡುವೆ ಸೇರಿಕೊಂಡವರು, ಅಷ್ಟೇ. ಕೆರೆ ಗುತ್ತಿಗೆ ಹಿಡಿದವರು ಮತ್ತು ಮೀನು ತಿನ್ನುವ ಹಕ್ಕಿಗಳ ಜಗಳ ಬೇರೆ ಊರುಗಳಲ್ಲೂ ಇದೆ. ಅಲ್ಲಿಯವರಿಗೆ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ರಂಗನತಿಟ್ಟು ಎಲ್ಲರಿಗೂ ಗೊತ್ತು. ಶ್ರೀರಂಗಪಟ್ಟಣದ ಹತ್ತಿರ, ಕಾವೇರಿಯ ನಡುವೆ ಇರುವ ನಡುಗಡ್ಡೆಗಳ ಗುಂಪು. 17ನೇ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ನಾಲೆಗೆ ನೀರು ತಿರುಗಿಸಲು ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ಅದರಿಂದ ಆದ ತಿಟ್ಟುಗಳು ಇವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ನೋಡಿ ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಆದರೆ ಪಕ್ಷಿಧಾಮದ ವಿಸ್ತೀರ್ಣ ಎಷ್ಟು ಅಂತ ಕೇಳಿದರೆ ಜಾಸ್ತಿ ಜನಕ್ಕೆ ಆಶ್ಚರ್ಯವಾಗುತ್ತದೆ. ಒಂದು ಚದರ ಕಿಲೋಮೀಟರೂ ಇಲ್ಲ. 0.67 ಚದರ ಕಿ.ಮೀ. ಅಷ್ಟೇ. ರಾಮ್ಸರ್ ಲೆಕ್ಕದಲ್ಲಿ ಹೊಳೆಯ ಪಾತ್ರವೂ ಸೇರಿ ಸುಮಾರು 518 ಹೆಕ್ಟೇರ್ ಆಗುತ್ತದೆ. ಸಾವಿರಾರು ಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ, ಜೊತೆಗೆ ಮೊಸಳೆ, ನೀರುನಾಯಿ. ಇಷ್ಟು ಹೊಟ್ಟೆಗಳಿಗೆ ಇಷ್ಟೇ ಜಾಗದ ಮೀನು ಸಾಕಾಗುತ್ತದಾ? ಸಾಕಾಗಲ್ಲ. ಬೆಳಗಾದರೆ ಹಕ್ಕಿಗಳು ಸುತ್ತಲಿನ ಗದ್ದೆ, ನಾಲೆ, ಕೆರೆಗಳಿಗೆ ಹಾರುತ್ತವೆ. ಸಂಜೆ ವಾಪಸ್ ಬರುತ್ತವೆ. ಪ್ರವಾಸಿಗರು ದೋಣಿಯಲ್ಲಿ ಕೂತು ನೋಡುವುದು ಅವುಗಳ ಮನೆಯನ್ನು. ಅಡುಗೆಮನೆ ಎಲ್ಲೋ ಬೇರೆ ಕಡೆ, ಬೇರೆಯವರ ಹೆಸರಿನಲ್ಲಿದೆ.

ಈ ಪ್ರಕರಣದ ಕೆರೆ ಅಂಥದ್ದೊಂದು. ನಾಲೆ ನೀರಿನಿಂದ ತುಂಬುತ್ತದೆ. ಕೆಳಗೆ ಭತ್ತ, ಕಬ್ಬಿನ ಅಚ್ಚುಕಟ್ಟು ಇದೆ. ಮೀನು ಹಿಡಿಯುವ ಹಕ್ಕನ್ನು ಗ್ರಾಮ ಪಂಚಾಯಿತಿ ಹರಾಜು ಹಾಕುತ್ತದೆ. ಆಗ ಕೂಗಿ ಹಿಡಿದವರು ಪಕ್ಕದ ಊರಿನ, ಮೀನುಗಾರಿಕೆಯನ್ನೇ ನಂಬಿದ ಕುಟುಂಬದವರು. ಅವರನ್ನು ಇಲ್ಲಿ ಗುತ್ತಿಗೆದಾರರು ಅಂತಲೇ ಕರೆಯುತ್ತೇನೆ. ಆ ಮಾತು ಕೇಳಿದರೆ ದೊಡ್ಡ ಕುಳ ಅನ್ನಿಸಬಹುದು. ಹಾಗೇನಿಲ್ಲ. ಒಂದು ಹರಿಗೋಲು, ಒಂದಿಷ್ಟು ಬಲೆ, ಬಡ್ಡಿಗೆ ತಂದ ದುಡ್ಡು, ಜೊತೆಗೆ ದುಡಿಯುವ ಹೆಂಡತಿ ಮತ್ತು ಅಳಿಯ. ಅವರ ಬಂಡವಾಳ ಇಷ್ಟೇ.

ತೊಂದರೆ

ಮಳೆಗಾಲದಲ್ಲಿ ಅವರು ಕಾಟ್ಲ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ತಂದು ಬಿಟ್ಟರು. ಕೆಲವೇ ದಿನಕ್ಕೆ ಹೆಜ್ಜಾರ್ಲೆಗಳು ಬಂದಿಳಿದವು. ಹೆಜ್ಜಾರ್ಲೆ ಒಂಟಿಯಾಗಿ ಬೇಟೆಯಾಡಬಲ್ಲದು, ಗುಂಪಾಗಿಯೂ ಆಡಬಲ್ಲದು. ಗುಂಪಾದರೆ ಸಾಲಾಗಿ ಈಜಿ, ಮೀನನ್ನು ದಡದ ಕಡೆಗೆ ತಳ್ಳಿ, ಕೊಕ್ಕಿನ ಕೆಳಗಿನ ಚೀಲದಲ್ಲಿ ಮೊಗೆಯುತ್ತವೆ. ಏರಿ ಮೇಲೆ ನಿಂತು ಅದನ್ನು ನೋಡುವುದು ನಮಗೆ ಹಬ್ಬ. ಬಡ್ಡಿ ಕಟ್ಟುವವರಿಗೆ ಹೇಗಿರುತ್ತದೆ ಅಂತ ಯೋಚಿಸಿ.

ಮೊದಲು ಪಟಾಕಿ ಹಚ್ಚಿದರು. ಹಕ್ಕಿ ಏಳುತ್ತಿದ್ದವು, ಒಂದು ಸುತ್ತು ಹಾರಿ ಮತ್ತೆ ಕೂರುತ್ತಿದ್ದವು. ಆಮೇಲೆ ಕೆರೆಯ ತೆಳು ನೀರಿನ ಭಾಗದಲ್ಲಿ ಗೂಟ ನೆಟ್ಟು, ಕಣ್ಣಿಗೆ ಕಾಣದಂಥ ಸಣ್ಣ ನೈಲಾನ್ ದಾರವನ್ನು ಅಡ್ಡಡ್ಡ ಎಳೆದು ಕಟ್ಟಿದರು. ಹಳೆಯ ಬಲೆ ತುಂಡುಗಳನ್ನೂ ತೂಗುಬಿಟ್ಟರು. ಒಂದು ಬೆಳಗ್ಗೆ ಒಂದು ಹೆಜ್ಜಾರ್ಲೆ ಅದರಲ್ಲಿ ಸಿಕ್ಕಿ ಸತ್ತಿತ್ತು. ಪಕ್ಕದಲ್ಲೇ ಒಂದು ಬಣ್ಣದ ಕೊಕ್ಕರೆ ರೆಕ್ಕೆಗೆ ದಾರ ಸುತ್ತಿಕೊಂಡು ಒದ್ದಾಡುತ್ತಿತ್ತು. ಯಾರೋ ಹುಡುಗರು ವಿಡಿಯೋ ಮಾಡಿದರು. ಮಧ್ಯಾಹ್ನದೊಳಗೆ ಅದು ಮೈಸೂರು, ಬೆಂಗಳೂರಿನ ಫೋನುಗಳಲ್ಲೆಲ್ಲ ಓಡಾಡಿತು. ಕೆಳಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೊಕ್ಕರೆಯನ್ನು ಬಿಡಿಸಿದ್ದು ಅರಣ್ಯ ಇಲಾಖೆಯ ಗಸ್ತಿನವರು. ನಮ್ಮ ಗುಂಪಿನವರಿಗೂ ಅವರೇ ಫೋನ್ ಮಾಡಿದ್ದು.

ಮೊದಲ ತೀರ್ಮಾನ: ಕೇಸು ಹಾಕುವುದೋ ಬೇಡವೋ

ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ, ಉರುಲು ಹಾಕುವುದು, ಹಿಡಿಯುವುದು, ಬೆದರಿಸಿ ಅಟ್ಟುವುದೂ ಬೇಟೆಯೇ. ಪಕ್ಷಿಧಾಮದ ಹೊರಗೆ ಅನ್ನುವ ನೆಪ ನಡೆಯುವುದಿಲ್ಲ. ಹಕ್ಕಿ ಎಲ್ಲಿದ್ದರೂ ಕಾಯ್ದೆ ಅದರ ಜೊತೆಗೇ ಇರುತ್ತದೆ.

ನಮ್ಮಲ್ಲೇ ಎರಡು ಗುಂಪಾಯಿತು. ಬಿಗಿಯಾಗಿ ಕೇಸು ಹಾಕಿದರೆ ಸುತ್ತಲಿನ ಕೆರೆಗಳಿಗೂ ಪಾಠವಾಗುತ್ತದೆ ಅಂತ ಕೆಲವರು. ಕೇಸು ಹಾಕಿದರೆ ಮುಂದಿನ ಸಲ ದಾರ ಕಟ್ಟುವುದಿಲ್ಲ, ಯಾರಿಗೂ ಕಾಣದ ಹಾಗೆ ವಿಷ ಇಡುತ್ತಾರೆ ಅಂತ ಉಳಿದವರು. ನಾನು ಎರಡನೆಯ ಗುಂಪಿನವನು. ಕೊನೆಗೆ ತೀರ್ಮಾನ ಇಲಾಖೆಯದ್ದೇ ಅಲ್ವಾ? ಅವರು ಸಾವಿನ ಮಹಜರು ಮಾಡಿದರು, ಹೇಳಿಕೆ ಬರೆಸಿಕೊಂಡರು, ದಾರವನ್ನೆಲ್ಲ ಕಿತ್ತು ವಶಪಡಿಸಿಕೊಂಡರು. ಆಮೇಲೆ ಗುತ್ತಿಗೆದಾರರನ್ನು, ಪಂಚಾಯಿತಿಯ ಪಿಡಿಒ ಅವರನ್ನು, ನಮ್ಮನ್ನು ಒಟ್ಟಿಗೆ ಕೂರಿಸಿದರು. ಆ ಕೂರಿಸುವಿಕೆ ಇಲ್ಲದಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ.

ಅವತ್ತು ಗುತ್ತಿಗೆದಾರರು ಜಾಸ್ತಿ ಮಾತಾಡಲಿಲ್ಲ. ಹೇಳಿದ್ದು ಒಂದೇ: "ಹಕ್ಕಿ ನಿಮ್ದು ಸಾ, ಸಾಲ ನಂದು. ನೀವು ಫೋಟೋ ತಕ್ಕೊಂಡು ಹೋಯ್ತೀರಿ, ನಾನು ಬಡ್ಡಿ ಕಟ್ಬೇಕು." ಅದಕ್ಕೆ ಅಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಮಾಡಿ ನೋಡಿದ್ದು

ಪರಿಹಾರ ಕೊಡಿಸಬಹುದಾ ಅಂತ ವಿಚಾರಿಸಿದೆವು. ಆನೆ ಬೆಳೆ ತುಳಿದರೆ, ಚಿರತೆ ಹಸು ಹಿಡಿದರೆ ಅರ್ಜಿ ಹಾಕುವ ದಾರಿ ಇದೆ. ಹಕ್ಕಿ ತಿಂದ ಮೀನಿಗೆ ಲೆಕ್ಕ ಹೇಗೆ? ನೀರೊಳಗೆ ಎಷ್ಟು ಮರಿ ಇತ್ತು, ಎಷ್ಟು ಹೋಯಿತು ಅಂತ ತೋರಿಸುವವರು ಯಾರು? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಮರಗಳ ಮಾಲೀಕರಿಗೆ ಹಣ ಕೊಡುವ ಪದ್ಧತಿ ಬಂದದ್ದನ್ನು ಯಾರೋ ನೆನಪಿಸಿದರು. ಅಲ್ಲಿ ಹುಣಸೆಮರ ಎಣಿಸಬಹುದು. ಇಲ್ಲಿ ಎಣಿಸಲು ಏನಿದೆ? ಆ ದಾರಿ ಅಲ್ಲಿಗೇ ನಿಂತಿತು.

ಹೊಳೆಯುವ ಪಟ್ಟಿ ಕಟ್ಟಿದೆವು. ಬೆರ್ಚಪ್ಪ ನಿಲ್ಲಿಸಿದೆವು. ವಾರದೊಳಗೆ ಒಂದು ನೀರುಕಾಗೆ ಬೆರ್ಚಪ್ಪನ ತೋಳಿನ ಮೇಲೆ ಕೂತು ರೆಕ್ಕೆ ಒಣಗಿಸುತ್ತಿತ್ತು. ಊರಿನ ಹುಡುಗರು ಅದನ್ನೂ ವಿಡಿಯೋ ಮಾಡಿದರು.

ಕೆಲಸಕ್ಕೆ ಬಂದದ್ದು ಸುಮ್ನೆ ಏರಿ ಮೇಲೆ ಕೂತು ನೋಡಿದ್ದು. ಇದನ್ನು ಸೂಚಿಸಿದ್ದು ಮೀನುಗಾರಿಕೆ ಇಲಾಖೆಯ ಒಬ್ಬ ಅಧಿಕಾರಿ. ಯಾವ ಹಕ್ಕಿ, ಎಲ್ಲಿ, ಯಾವ ಹೊತ್ತಿನಲ್ಲಿ, ಏನು ತಿನ್ನುತ್ತಿದೆ ಅಂತ ಬರೆಯಿರಿ, ಗುತ್ತಿಗೆದಾರರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ ಅಂದರು. ನಮ್ಮ ದುರ್ಬೀನು ಅವರ ಕೈಗೆ ಹೋಯಿತು. ಹುಡುಗನಾಗಿದ್ದಾಗಿನಿಂದ ಹೊಳೆಯಲ್ಲಿ ಬೆಳೆದವರು. ನಮಗಿಂತ ಬೇಗ ಗುರುತಿಸುತ್ತಿದ್ದರು.

ಹಾಗೆ ನೋಡಿದಾಗ ಕೆಲವು ಸಂಗತಿಗಳು ಬಿಚ್ಚಿಕೊಂಡವು.

ಒಂದು, ಊರವರು "ಕೊಕ್ಕರೆ" ಅಂತ ಒಟ್ಟಿಗೆ ಬೈಯುತ್ತಿದ್ದ ಹಕ್ಕಿಗಳಲ್ಲಿ ಎಲ್ಲವೂ ಅವರ ಮೀನಿಗೆ ಬಂದವಲ್ಲ. ಬಾಯ್ಕಳಕ ತಿನ್ನುವುದು ಮುಖ್ಯವಾಗಿ ಬಸವನಹುಳು. ಅದರ ಕೊಕ್ಕಿನ ನಡುವಿನ ಸಂದು ಆ ಚಿಪ್ಪಿನ ಕೆಲಸಕ್ಕೇ ಒಗ್ಗಿಕೊಂಡದ್ದು. ಗದ್ದೆಯವರಿಗೆ ಅದರಿಂದ ಲಾಭವೇ. ಚಮಚದ ಕೊಕ್ಕು ಕೆಸರು ನೀರನ್ನು ಅತ್ತಿತ್ತ ಸೋಸಿ ಸಣ್ಣ ಹುಳ, ಸೀಗಡಿ, ಪುಡಿಮೀನು ಹುಡುಕುತ್ತದೆ. ಬಣ್ಣದ ಕೊಕ್ಕರೆ ತೆಳು ನೀರಿನಲ್ಲಿ ನಿಂತು ಸಣ್ಣ ಮೀನು ಹಿಡಿಯುತ್ತದೆ. ಈ ಕೆರೆಯಲ್ಲಿ ಅದಕ್ಕೆ ಜಾಸ್ತಿ ಸಿಗುತ್ತಿದ್ದದ್ದು ಜಿಲೇಬಿ ಮೀನು (ತಿಲಾಪಿಯ). ಗುತ್ತಿಗೆದಾರರಿಗೆ ಬೇಡದ್ದು, ತಾನಾಗೇ ಹುಟ್ಟಿ ಹಬ್ಬುವುದು. ನಿಜವಾದ ಪೈಪೋಟಿ ಇದ್ದದ್ದು ಹೆಜ್ಜಾರ್ಲೆ ಮತ್ತು ನೀರುಕಾಗೆಯ ಜೊತೆ.

ಎರಡನೆಯದು ಹೊತ್ತಿನ ವಿಷಯ. ಕೆಆರ್‌ಎಸ್ ಅಣೆಕಟ್ಟೆ 124.80 ಅಡಿ ತುಂಬುವ ಹೊತ್ತಿಗೆ ಹೊಳೆಗೆ ನೀರು ಬಿಡುತ್ತಾರೆ. ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಕೆಲವು ತಿಟ್ಟುಗಳು ಮುಳುಗುತ್ತವೆ, ಹೊಳೆ ಕೆಂಪಗೆ ರಭಸವಾಗಿ ಹರಿಯುತ್ತದೆ. ಅಂಥ ನೀರಿನಲ್ಲಿ ಹಕ್ಕಿಗೆ ಮೀನು ಸಿಗುವುದು ಕಷ್ಟ. ಆಗ ಅವು ಕೆರೆಗಳಿಗೆ ಬರುತ್ತವೆ. ಗುತ್ತಿಗೆದಾರರು ಮರಿ ಬಿಡುತ್ತಿದ್ದದ್ದೂ ಸರಿಯಾಗಿ ಅದೇ ವಾರಗಳಲ್ಲಿ. ಬಿಡುತ್ತಿದ್ದ ಜಾಗ ರಸ್ತೆ ಪಕ್ಕದ ತೆಳು ನೀರು, ಯಾಕೆಂದರೆ ಗಾಡಿ ಅಲ್ಲಿಗೇ ಬರುತ್ತಿತ್ತು. ಬಿಡುತ್ತಿದ್ದದ್ದು ಹಗಲು ಹೊತ್ತಿನಲ್ಲಿ, ಚೀಲ ಬಿಚ್ಚಿ ಸುರಿದು. ಮರಿಯ ಗಾತ್ರವೂ ಬೆರಳಿನ ಅರ್ಧ, ಅದು ಅಗ್ಗ ಅಂತ. ಚೀಲದ ನೀರಿಗೂ ಕೆರೆ ನೀರಿಗೂ ಬಿಸಿಯ ವ್ಯತ್ಯಾಸವಿದ್ದರೆ ಮರಿಗಳು ಮಂಕಾಗಿ ಮೇಲೆ ತೇಲುತ್ತವೆ. ಅಷ್ಟರಲ್ಲಿ ಹಕ್ಕಿ ಬಂದಿರುತ್ತದೆ.

ಮೂರನೆಯದು ಬಲೆಯ ತೂತು. ಬಲೆಗಳನ್ನು ಹಕ್ಕಿಗಳೇ ಹರಿಯುತ್ತವೆ ಅಂತ ಅವರು ನಂಬಿದ್ದರು. ಕೋಡಿಯ ಕಲ್ಲಿನ ಮೇಲೆ ಮೀನಿನ ಪೊರೆ ತುಂಬಿದ ಹಿಕ್ಕೆ ಸಿಕ್ಕಿತು. ನೀರುನಾಯಿಯದ್ದು. ನಾಲೆ ಹಿಡಿದು ರಾತ್ರಿ ಹೊತ್ತು ಬಂದು ಹೋಗುತ್ತಿತ್ತು. ಅದನ್ನು ನೋಡಿ ಗುತ್ತಿಗೆದಾರರು ಕೋಪ ಮಾಡಿಕೊಳ್ಳಲಿಲ್ಲ, ನಕ್ಕರು. "ಇದೂ ಒಂದು ಬಾಕಿ ಇತ್ತು" ಅಂದರು. (ತುಂಗಭದ್ರೆಯಲ್ಲಿ ನೀರುನಾಯಿಗಾಗಿಯೇ 2015ರಲ್ಲಿ 34 ಕಿ.ಮೀ. ಉದ್ದದ ಸಂರಕ್ಷಣಾ ಮೀಸಲು ಮಾಡಿದ್ದಾರೆ. ಕಾವೇರಿಯ ನೀರುನಾಯಿಗೆ ಅಷ್ಟು ಹೆಸರಿಲ್ಲ, ಆದರೆ ಹಸಿವು ಅಷ್ಟೇ ಇದೆ.)

ಕ್ಯಾಟ್‌ಫಿಶ್ ಹೊಟ್ಟೆ

ಇಡೀ ಪ್ರಕರಣ ತಿರುಗಿದ್ದು ಬೇಸಿಗೆಯಲ್ಲಿ. ನೀರು ತಳ ಹಿಡಿದಾಗ ಎಳೆಬಲೆ ಹಾಕಿದರು. ಗೆಂಡೆ, ಕಾಟ್ಲದ ಜೊತೆ ದೊಡ್ಡ ದೊಡ್ಡ ಆಫ್ರಿಕನ್ ಕ್ಯಾಟ್‌ಫಿಶ್ ಬಂದವು. ಇದನ್ನು ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ಆದರೂ ಯಾರೋ ಎಲ್ಲೋ ಬಿಟ್ಟದ್ದು ನಾಲೆ ಹಿಡಿದು ಎಲ್ಲ ಕಡೆ ಸೇರಿಕೊಂಡಿದೆ. ಕೈಗೆ ಸಿಕ್ಕಿದ್ದನ್ನು ನುಂಗುವ ಮೀನು. ಮೇಲೆ ಬಂದು ಗಾಳಿ ಎಳೆದುಕೊಳ್ಳುತ್ತದೆ, ಹಾಗಾಗಿ ಕೆಟ್ಟ ನೀರಿನಲ್ಲೂ ಬದುಕುತ್ತದೆ.

ಗುತ್ತಿಗೆದಾರರ ಹೆಂಡತಿ ಒಂದರ ಹೊಟ್ಟೆ ಕೊಯ್ದರು. ಒಳಗೆ ಅವರದೇ ಮರಿಗಳು. ಇನ್ನೊಂದನ್ನು ಕೊಯ್ದರು. ಅದರಲ್ಲೂ ಇದ್ದವು. ಆಯಮ್ಮ ಗಂಡನ ಕಡೆ ನೋಡಿ, "ಎರಡು ವರ್ಷದಿಂದ ಆಕಾಶಕ್ಕೆ ಪಟಾಕಿ ಹೊಡೀತಿದ್ಯಲ್ಲ, ಕಳ್ಳ ಕೆಳಗಡೆ ಇದ್ದ" ಅಂದರು. ಅಲ್ಲಿದ್ದವರೆಲ್ಲ ನಕ್ಕರು, ಗುತ್ತಿಗೆದಾರರೂ ನಕ್ಕರು. ನಮ್ಮ ಗುಂಪಿನವರು ಎಷ್ಟು ದಿನ ಏರಿ ಮೇಲೆ ಕೂತು ವಿವರಿಸಿದ್ದರೂ ಆಗದಿದ್ದದ್ದು ಆ ಒಂದು ಮಾತಿನಿಂದ ಆಯಿತು.

ಹಾಗಂತ ಹಕ್ಕಿಗಳು ಪೂರ್ತಿ ನಿರಪರಾಧಿಗಳು ಅಂತಲ್ಲ. ನಾಲ್ಕೈದು ಕಿಲೋ ತೂಗುವ ಹೆಜ್ಜಾರ್ಲೆ ಗಾಳಿ ಕುಡಿದು ಬದುಕುವುದಿಲ್ಲ. ಹಕ್ಕಿ ಪ್ರಿಯರು ಇಂಥ ಕಡೆ "ಅವು ರೋಗದ ಮೀನನ್ನು ಮಾತ್ರ ತಿನ್ನುತ್ತವೆ" ಅಂತೆಲ್ಲ ಹೇಳುವುದುಂಟು. ಮೀನು ಸಾಕುವವರ ಮುಂದೆ ಆ ಮಾತು ಆಡಿದರೆ ಮುಂದಿನ ಯಾವ ಮಾತನ್ನೂ ಅವರು ಕೇಳುವುದಿಲ್ಲ.

ಬದಲಿಸಿದ್ದು

ಮುಂದಿನ ಮಳೆಗಾಲಕ್ಕೆ ಮೊದಲು ಕ್ಯಾಟ್‌ಫಿಶ್ ಸಿಕ್ಕಷ್ಟೂ ತೆಗೆದರು. ನಾಲೆ ನೀರು ಕೆರೆಗೆ ಬೀಳುವ ಬಾಯಿಗೆ ಜರಡಿ ಕಟ್ಟಿದರು. ಅದಕ್ಕೆ ಕಸ ಕಟ್ಟಿಕೊಂಡು ನೀರುಗಂಟಿ ಎರಡು ಸಲ ಕಿತ್ತೆಸೆದ. ಆಮೇಲೆ ಕಸ ತೆಗೆಯುವುದು ಗುತ್ತಿಗೆದಾರರ ಅಳಿಯನ ಕೆಲಸ ಅಂತ ಮಾತಾಯಿತು.

ದೊಡ್ಡ ಬದಲಾವಣೆ ಮರಿಯ ವಿಷಯದಲ್ಲಿ. ಪಕ್ಕದ ರೈತ ಮಹಿಳೆಯೊಬ್ಬರ ಜಮೀನಿನಲ್ಲಿ ಕೃಷಿ ಹೊಂಡ ಇತ್ತು. ಅದನ್ನು ಎರಡು ತಿಂಗಳು ಕೇಳಿ ಪಡೆದರು. ಮಾರಿದ ಮೇಲೆ ಇಷ್ಟು ಮೀನು ಕೊಡುತ್ತೇನೆ ಅಂತ ಒಪ್ಪಂದ, ಬಾಯಿಮಾತಿನದ್ದು. ಸಣ್ಣ ಮರಿಯನ್ನು ಅಲ್ಲಿ ಬಿಟ್ಟು, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಹಾಕಿ, ಬೆರಳಿಗಿಂತ ಉದ್ದ ಬೆಳೆಸಿ, ಆಮೇಲೆ ಕೆರೆಗೆ ಬಿಡುವುದು. ಹೊಂಡದ ಮೇಲೆ ಬಲೆ ಹಾಕಿದರು. ಇಲ್ಲಿ ಒಂದು ಎಚ್ಚರಿಕೆ ಬೇಕು. ಸಡಿಲವಾಗಿ ತೂಗುವ, ಕಣ್ಣಿಗೆ ಕಾಣದ ಬಲೆ ಹಕ್ಕಿಗೆ ಉರುಲು. ದಪ್ಪ ದಾರದ, ಬಿಳಿ ಬಣ್ಣದ, ಬಿಗಿಯಾಗಿ ಎಳೆದು ಕಟ್ಟಿದ ಬಲೆಯ ಮೇಲೆ ಹಕ್ಕಿ ಕೂತರೂ ಸಿಕ್ಕಿಕೊಳ್ಳುವುದಿಲ್ಲ. ಎರಡೂ ಬಲೆಯೇ, ಆದರೆ ಒಂದು ತಡೆ, ಇನ್ನೊಂದು ಬೇಟೆ.

ಕೆರೆಗೆ ಬಿಡುವ ಹೊತ್ತನ್ನು ಸಂಜೆಗೆ ಹಾಕಿದರು. ಚೀಲವನ್ನು ಸ್ವಲ್ಪ ಹೊತ್ತು ಕೆರೆ ನೀರಿನಲ್ಲೇ ತೇಲಿಬಿಟ್ಟು, ಹರಿಗೋಲಿನಲ್ಲಿ ತೂಬಿನ ಹತ್ತಿರದ ಆಳಕ್ಕೆ ಒಯ್ದು ಬಿಟ್ಟರು. ಅಲ್ಲೇ ಜಾಲಿ ಕೊಂಬೆಗಳನ್ನು ಕಟ್ಟಿ ಮುಳುಗಿಸಿದರು. ಕೊಂಬೆಯ ಸಂದಿಗೆ ಹೆಜ್ಜಾರ್ಲೆಯ ಕೊಕ್ಕು ಹೋಗುವುದಿಲ್ಲ. ನೀರುಕಾಗೆ ಮುಳುಗಿ ಹೋಗುತ್ತದೆ, ಆದರೆ ಅದಕ್ಕೂ ಬೇಟೆ ಸಲೀಸಲ್ಲ. ಈ ಉಪಾಯ ನಮ್ಮದಲ್ಲ, ಇಲಾಖೆಯದ್ದೂ ಅಲ್ಲ. ಗುತ್ತಿಗೆದಾರರ ತಂದೆ ಹಿಂದೆ ಮಾಡುತ್ತಿದ್ದದ್ದು. ಎಳೆಬಲೆಗೆ ಕೊಂಬೆ ತೊಡರುತ್ತದೆ ಅಂತ ಮಗ ಬಿಟ್ಟಿದ್ದರು.

ಕೆರೆಯ ಹಿಂಭಾಗದ ತೆಳು ನೀರು, ಜೊಂಡು ಬೆಳೆದ ಜಾಗವನ್ನು ಹಕ್ಕಿಗಳಿಗೆ ಬಿಟ್ಟರು. ಅಲ್ಲಿ ಪಟಾಕಿ ಇಲ್ಲ, ದಾರ ಇಲ್ಲ. ಜಿಲೇಬಿ ತಿಂದುಕೊಂಡಿರಲಿ.

ಏನಾಯಿತು

ಮೊದಲ ವರ್ಷದ ಫಲ ಹೇಳಿಕೊಳ್ಳುವಂಥದ್ದಲ್ಲ, ಹಿಂದಿನದಕ್ಕಿಂತ ವಾಸಿ. ಸಾಲದ ಬಡ್ಡಿ ಹೋಯಿತು, ಅಸಲು ಉಳಿಯಿತು. ದಾರ ಮತ್ತೆ ಕಟ್ಟಲಿಲ್ಲ. ಪಟಾಕಿ ಪೂರ್ತಿ ನಿಂತಿತು ಅನ್ನುವ ಹಾಗಿಲ್ಲ. ಮರಿ ಬಿಟ್ಟ ಮೊದಲ ವಾರ ತೂಬಿನ ಕಡೆ ಒಂದೆರಡು ಸದ್ದು ಕೇಳಿಸುತ್ತಿತ್ತು. ಗಸ್ತಿನವರು ಬಂದು ಎಚ್ಚರಿಸಿ ಹೋದರು. ಗಾಯಗೊಂಡಿದ್ದ ಬಣ್ಣದ ಕೊಕ್ಕರೆ ಮತ್ತೆ ಹಾರಲಿಲ್ಲ.

ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳ ಒಂದು ಗುಂಪು ಇಳಿಯಿತು. ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಮೈಸೂರಿನ ಕಡೆ ಹದಿನಾರು ಕೆರೆಗೆ ಬರುವುದು ಹೆಸರುವಾಸಿ. ಹಗಲು ನೀರಿನಲ್ಲಿ ತೂಕಡಿಸಿ, ಕತ್ತಲಾದ ಮೇಲೆ ಹೊಲಗಳಲ್ಲಿ ಮೇಯುತ್ತವೆ. ಇವು ಮೀನು ತಿನ್ನುವುದಿಲ್ಲ, ಹುಲ್ಲು, ಕಾಳು, ಚಿಗುರು. ಗುತ್ತಿಗೆದಾರರಿಗೆ ನಿರಾಳ. ಆದರೆ ಹುರುಳಿ ಬಿತ್ತಿದ್ದ ರೈತರೊಬ್ಬರು ನಮ್ಮ ಗುಂಪಿನವರನ್ನು ಹುಡುಕಿಕೊಂಡು ಬಂದರು. "ಅವನ ಮೀನು ಉಳ್ಸಿದ್ರಿ, ನನ್ ಹುರುಳಿ ಯಾರ್ ಉಳ್ಸೋರು?" ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಬಳಿ ಈಗಲೂ ಉತ್ತರವಿಲ್ಲ.

ಇಂಥದ್ದಕ್ಕೆ ಕೈ ಹಾಕುವವರಿಗೆ

ಕಾನೂನು ಬೇಕೇ ಬೇಕು. ದಾರ ಕೀಳಿಸಿದ್ದು ಕಾನೂನೇ, ಮಾತಿಗೆ ಕೂರಿಸಿದ್ದೂ ಅದರ ಭಯವೇ. ಆದರೆ ದಾರ ಮತ್ತೆ ಬರದಂತೆ ಮಾಡಿದ್ದು ಬೆರಳುದ್ದದ ಮರಿ ಮತ್ತು ಜಾಲಿ ಕೊಂಬೆ. ಹಕ್ಕಿಯವರ ಜೊತೆ ಮೀನಿನವರನ್ನೂ ಕರೆಯಿರಿ. ಮೀನುಗಾರಿಕೆ ಇಲಾಖೆಯ ಆ ಅಧಿಕಾರಿ ಮೊದಲ ದಿನವೇ ಸಿಕ್ಕಿದ್ದರೆ ಒಂದು ಹಂಗಾಮು ಉಳಿಯುತ್ತಿತ್ತು. ವಿಡಿಯೋ ಹರಡಿದ್ದರಿಂದ ಇಲಾಖೆ ಬೇಗ ಬಂತು, ನಿಜ. ಅದೇ ವಿಡಿಯೋದಿಂದ ಗುತ್ತಿಗೆದಾರರ ಮಗಳು ಕಾಲೇಜಿನಲ್ಲಿ ತಲೆ ತಗ್ಗಿಸಬೇಕಾಯಿತು ಅನ್ನುವುದೂ ನಿಜ. ವಿಡಿಯೋದಲ್ಲಿ ಮುಖ ಕಾಣದ ಹಾಗೆ ಮಾಡಿ ಹಾಕಬಹುದಿತ್ತು.

ಬಲೆಗೆ ಸಿಕ್ಕ ಹಕ್ಕಿ ಕಂಡರೆ ದಾರ ಎಳೆಯಬೇಡಿ, ಮಾಂಸಕ್ಕೆ ಕೊರೆಯುತ್ತದೆ. ತಲೆಯ ಮೇಲೆ ಬಟ್ಟೆ ಹಾಕಿದರೆ ಗಾಬರಿ ಕಡಿಮೆಯಾಗುತ್ತದೆ. ಕೊಕ್ಕು ನಿಮ್ಮ ಕಣ್ಣಿನ ಕಡೆ ಬರದಂತೆ ಹಿಡಿಯಿರಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಾರಿಸಿಬಿಡುವ ಆತುರ ಬೇಡ.

ಗುತ್ತಿಗೆ ಮುಗಿದ ಮೇಲೆ

ಅವರ ಗುತ್ತಿಗೆ ಮುಗಿದು ಮತ್ತೆ ಹರಾಜು ಬಂತು. ಇದುವರೆಗಿನದೆಲ್ಲ ಒಬ್ಬ ಮನುಷ್ಯನ ಒಳ್ಳೆಯತನದ ಮೇಲೆ ನಿಂತಿತ್ತು. ಬೇರೆಯವರು ಕೂಗಿದರೆ ಮತ್ತೆ ಮೊದಲಿನಿಂದ. ಹಾಗಾಗಿ ಹರಾಜಿನ ಷರತ್ತುಗಳಲ್ಲೇ ಬರೆಸೋಣ ಅಂತ ಪಂಚಾಯಿತಿಗೆ ಅರ್ಜಿ ಕೊಟ್ಟೆವು. ದಾರ, ಪಟಾಕಿ, ವಿಷ ಕೂಡದು. ಹಿಂಭಾಗದ ತೆಳು ನೀರಿನಲ್ಲಿ ಬಲೆ ಹಾಕಕೂಡದು. ಬೇಸಿಗೆಯಲ್ಲಿ ತಳದಲ್ಲಿ ಇಷ್ಟು ನೀರು ಉಳಿಸಬೇಕು.

ಸದಸ್ಯರು ಸುಲಭಕ್ಕೆ ಒಪ್ಪಲಿಲ್ಲ. ಷರತ್ತು ಜಾಸ್ತಿಯಾದರೆ ಕೂಗು ಇಳಿಯುತ್ತದೆ, ಪಂಚಾಯಿತಿ ವರಮಾನಕ್ಕೆ ಹೊಡೆತ ಅಂದರು. ಅದು ಸುಳ್ಳಲ್ಲ, ಕೂಗು ಸ್ವಲ್ಪ ಇಳಿಯಿತು. ಆದರೂ ಮೊದಲ ಎರಡು ಷರತ್ತು ಉಳಿದವು. ಹಳೆಯ ಗುತ್ತಿಗೆದಾರರೇ ಮತ್ತೆ ಹಿಡಿದರು, ಈ ಸಲ ಅಳಿಯನ ಹೆಸರಿನಲ್ಲಿ. ಮೂರನೆಯ ಷರತ್ತಿಗೆ ಕಬ್ಬಿನವರು ಒಪ್ಪಲಿಲ್ಲ. ಕೊನೆಯ ನೀರು ಬೆಳೆಗೋ ಮೀನಿಗೋ ಅಂತ ಸಭೆಯಲ್ಲಿ ಜೋರು ಮಾತಾಯಿತು. ಅದನ್ನು ಮುಂದಿನ ಗ್ರಾಮಸಭೆಗೆ ಹಾಕಿದ್ದಾರೆ.